ಶಾವಿಗೆಯ ದಾರಿ, ಕಾವೇರಿಯ ದ್ವೀಪ

ನಮ್ಮ ಬೆಂಗಳೂರಿನ ಯಾವ ಶಾಲೆಯ ಒಂಬತ್ತನೇ ತರಗತಿಗಾದರೂ ಹೋಗಿ, "ನೀವು ನೋಡಬೇಕೆಂದಿರುವ ಒಂದು ದ್ವೀಪದ ಹೆಸರು ಹೇಳಿ" ಎಂದು ಕೇಳಿ. ಅಂಡಮಾನ್, ಲಕ್ಷದ್ವೀಪ, ಶ್ರೀಲಂಕಾ, ಮಾಲ್ಡೀವ್ಸ್ ಎಂಬ ಉತ್ತರಗಳು ಪಟಪಟನೆ ಬರುತ್ತವೆ. ಶ್ರೀರಂಗಪಟ್ಟಣ ಎಂದವರು ನನ್ನ ಇಷ್ಟು ವರ್ಷಗಳ ಪಾಠದಲ್ಲಿ ಬೆರಳೆಣಿಕೆಯಷ್ಟು. ಶಿವನಸಮುದ್ರ ಎಂದವರಂತೂ ಇಲ್ಲವೇ ಇಲ್ಲ. ಸುತ್ತಲೂ ನೀರಿರುವ ಭೂಭಾಗವೇ ದ್ವೀಪ ಎಂಬ ವ್ಯಾಖ್ಯೆಯನ್ನು ಎಲ್ಲರೂ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆ ನೀರು ಸಮುದ್ರದ್ದೇ ಆಗಿರಬೇಕೆಂದು ಪುಸ್ತಕ ಎಲ್ಲೂ ಹೇಳಿಲ್ಲ. ಆದರೂ ಮನಸ್ಸು ಹಡಗು ಹತ್ತಿಯೇ ಹೊರಡುತ್ತದೆ!

ಇದೇ ರೀತಿ ಇನ್ನೊಂದು ಪ್ರಶ್ನೆ. "ನೂಡಲ್ಸ್ ಯಾವ ದೇಶದ ತಿಂಡಿ?" ಚೀನಾ ಎಂದು ತರಗತಿ ಒಕ್ಕೊರಲಿನಿಂದ ಕೂಗುತ್ತದೆ. ಕೂಗಿದ ಮಕ್ಕಳಲ್ಲಿ ಅರ್ಧ ಜನ ಅಂದು ಬೆಳಿಗ್ಗೆ ಮನೆಯಲ್ಲಿ ಶಾವಿಗೆ ಉಪ್ಪಿಟ್ಟು ತಿಂದು ಬಂದವರೇ.

ಈ ಎರಡು ಪ್ರಶ್ನೆಗಳನ್ನೂ ಒಂದೇ ಪ್ರವಾಸದಲ್ಲಿ ಜೋಡಿಸಿದರೆ ಹೇಗೆ ಎಂಬ ಯೋಚನೆ ಬಂತು. ಬಸವನಗುಡಿಯ ನಮ್ಮ ರಸ್ತೆಯ ಮೂರು ಮನೆ, ಚಾಮರಾಜಪೇಟೆಯ ಒಂದು ಮನೆ, ಮಲ್ಲೇಶ್ವರದ ನೆಂಟರ ಮನೆ, ಹೀಗೆ ಐದು ಮನೆಯ ಮಕ್ಕಳು ಮತ್ತು ಪೋಷಕರು ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಸಂಕ್ರಾಂತಿಯ ನಂತರದ ಒಂದು ಶನಿವಾರ ಮೈಸೂರು ರಸ್ತೆಯಲ್ಲಿ ಹೊರಟು, ಭಾನುವಾರ ರಾತ್ರಿ ಕನಕಪುರ ರಸ್ತೆಯಲ್ಲಿ ವಾಪಸಾದೆವು. ಪ್ರವಾಸಕ್ಕೆ ಎರಡೇ ನಿಯಮ. ಒಂದು, ದಾರಿಯಲ್ಲಿ ಎಲ್ಲೆಲ್ಲಿ ಶಾವಿಗೆ ಸಿಗುತ್ತದೋ ಅಲ್ಲೆಲ್ಲ ರುಚಿ ನೋಡುವುದು. ಎರಡು, ನೋಡಿದ ಪ್ರತಿ ಜಾಗದಲ್ಲೂ "ಏಕೆ?" ಎಂಬ ಒಂದು ಪ್ರಶ್ನೆಯನ್ನಾದರೂ ಕೇಳುವುದು.

ಹೊರಡುವ ಮುನ್ನ ಒಬ್ಬ ತಂದೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಸಾರ್, ಮಗನಿಗೆ ಸೋಮವಾರ ಟ್ಯೂಷನ್‌ನಲ್ಲಿ ಟೆಸ್ಟ್ ಇದೆ. ಈ ಪ್ರವಾಸದಿಂದ ಪರೀಕ್ಷೆಗೆ ಏನಾದರೂ ಉಪಯೋಗ ಉಂಟೆ?" ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಹತ್ತನೇ ತರಗತಿಯ ಮಗನಿರುವ ಮನೆಯಲ್ಲಿ ಆ ಪ್ರಶ್ನೆ ಗಾಳಿಯಂತೆ ಸದಾ ಬೀಸುತ್ತಿರುತ್ತದೆ. ಅದಕ್ಕೆ ಉತ್ತರ ಬನ್ನೂರಿನ ಹತ್ತಿರ ಸಿಕ್ಕಿತು. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆಯಿರಲಿ.

ಹಳೆಯ ರಸ್ತೆಯೇ ಏಕೆ?

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕಿಟ್ಟು ಸರ್ರನೆ ಸಾಗುತ್ತದೆ. ಸಮಯ ಉಳಿಯುತ್ತದೆ, ನಿಜ. ಆದರೆ ಬಿಡದಿಯ ತಟ್ಟೆ ಇಡ್ಲಿಯಾಗಲಿ, ಚನ್ನಪಟ್ಟಣದ ಅರಗಿನ ಬೊಂಬೆಯಾಗಲಿ, ಮದ್ದೂರು ವಡೆಯಾಗಲಿ ಸೇತುವೆಯ ಮೇಲಿಂದ ಕಾಣುವುದಿಲ್ಲ. ನಾವು ಊರುಗಳ ಒಳಗೆ ಹಾದುಹೋಗುವ ಹಳೆಯ ರಸ್ತೆಯನ್ನೇ ಹಿಡಿದೆವು. ಒಂದು ಗಂಟೆ ಹೆಚ್ಚಾಯಿತು. ಮಂಡ್ಯದ ಆಚೆ ಒಂದು ಸಣ್ಣ ಹೋಟೆಲಿನಲ್ಲಿ ಮೊದಲ ತಟ್ಟೆ ಒತ್ತು ಶಾವಿಗೆ ಸಿಕ್ಕಿತು. ಅಕ್ಕಿಯದು, ಬಿಸಿಯಾದದ್ದು, ಜೊತೆಗೆ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು. ಪಕ್ಕದ ಮೇಜಿನವರು ಅದೇ ಶಾವಿಗೆಯನ್ನು ನಾಟಿ ಕೋಳಿ ಸಾರಿನೊಂದಿಗೆ ಸವಿಯುತ್ತಿದ್ದರು. ಸಿಹಿಗೂ ಸೈ, ಖಾರಕ್ಕೂ ಸೈ!

ಹೋಟೆಲಿನವರು ಹೇಳಿದ ಒಂದು ಮಾತು ಮಕ್ಕಳ ಕಿವಿಗೂ ಬಿತ್ತು: "ಹೊಸ ರೋಡಾದ ಮೇಲೆ ಬೆಂಗಳೂರಿನ ಕಾರುಗಳು ನಿಲ್ಲೋದೇ ಇಲ್ಲ ಸ್ವಾಮಿ." ಅದಕ್ಕೆ ಉತ್ತರ ಕೊಡಲು ನನಗೂ ತೋಚಲಿಲ್ಲ. ಇನ್ನೊಂದೊಂದು ತಟ್ಟೆ ತರಿಸಿದೆವು.

ಅಕ್ಕಿ ಹಿಟ್ಟು ಎಳೆಯಾಗುವುದು ಹೇಗೆ?

ಮಕ್ಕಳ ಮೊದಲ "ಏಕೆ" ಇಲ್ಲಿಯೇ ಬಂತು. ಗೋಧಿ ಹಿಟ್ಟನ್ನು ಕಲಸಿ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಅಕ್ಕಿ ಹಿಟ್ಟು ಹಾಗಲ್ಲ, ಎಳೆದರೆ ಮುರಿಯುತ್ತದೆ. ಹಾಗಿದ್ದರೆ ಅಕ್ಕಿಯ ಶಾವಿಗೆ ಎಳೆಯಾಗಿ ನಿಲ್ಲುವುದು ಹೇಗೆ?

ಗೋಧಿಯಲ್ಲಿರುವ ಕೆಲವು ಪ್ರೋಟೀನುಗಳು ನೀರು ತಾಗಿದೊಡನೆ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಇದೇ ಗ್ಲುಟೆನ್. ಉತ್ತರ ಕರ್ನಾಟಕದ ತಾಯಂದಿರು ಮಣೆಯ ಮೇಲೆ ಗೋಧಿ ಕಣಕವನ್ನು ಹೊಸೆದು ಹೊಸೆದು ಕೂದಲಿನಂತಹ ಶಾವಿಗೆಯನ್ನು ಎಳೆದು, ಕೋಲಿನ ಮೇಲೆ ಬಿಸಿಲಿಗೆ ಹಾಕುವುದು ಈ ಬಲೆಯ ಬಲದಿಂದಲೇ. ಅಕ್ಕಿಗೆ ಈ ಭಾಗ್ಯವಿಲ್ಲ. ಅದಕ್ಕೆ ನಮ್ಮ ಹಿರಿಯರು ಬೇರೆ ಉಪಾಯ ಕಂಡುಕೊಂಡರು. ಹಿಟ್ಟನ್ನು ಕುದಿಯುವ ನೀರಿನಲ್ಲಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಮತ್ತೆ ಬೇಯಿಸುವುದು. ಬಿಸಿ ಏರುತ್ತಿದ್ದಂತೆ ಪಿಷ್ಟದ ಕಣಗಳು ನೀರು ಹೀರಿ ಊದಿಕೊಂಡು ಒಡೆಯುತ್ತವೆ. ಒಳಗಿನ ಉದ್ದುದ್ದ ಅಣುಗಳು ಹೊರಬಂದು ಅಂಟಾಗುತ್ತವೆ. ಪ್ರೋಟೀನು ಮಾಡಬೇಕಾದ ಕೆಲಸವನ್ನು ಬೆಂದ ಪಿಷ್ಟವೇ ಮಾಡುತ್ತದೆ.

ಆದರೆ ಒಂದು ಷರತ್ತು. ಉಂಡೆ ಬಿಸಿಯಾಗಿರುವಾಗಲೇ ಒತ್ತಬೇಕು. ಆರಿದರೆ ಅದೇ ಅಣುಗಳು ಮತ್ತೆ ಒತ್ತೊತ್ತಾಗಿ ಸೇರಿಕೊಂಡು ಉಂಡೆ ಗಟ್ಟಿಯಾಗುತ್ತದೆ. ಒರಳಿನ ಮೇಲೆ ನೇತಾಡಿದರೂ ಎಳೆ ಬೀಳುವುದಿಲ್ಲ. ನಿನ್ನೆಯ ಅನ್ನ ಇಂದು ಗಡುಸಾಗುವುದಕ್ಕೂ ಇದೇ ಕಾರಣ. "ಬೇಗ ಬೇಗ ಒತ್ರೋ, ಆರಿಹೋಗ್ತದೆ" ಎಂದು ಅಜ್ಜಿಯಂದಿರು ಗದರುತ್ತಿದ್ದುದರಲ್ಲಿ ಪಿಷ್ಟದ ರಸಾಯನ ಶಾಸ್ತ್ರವೇ ಅಡಗಿದೆ.

ಒತ್ತು ಶಾವಿಗೆ ನಮ್ಮಲ್ಲಿ ಒಂದೇ ಹೆಸರಿನಲ್ಲಿಲ್ಲ. ಕೊಡಗಿನಲ್ಲಿ ಅದು ನೂಲುಪುಟ್ಟು. ದಕ್ಷಿಣ ಕನ್ನಡ, ಕಾಸರಗೋಡು ಕಡೆ ಸೇಮಿಗೆ. ಹಳೆ ಮೈಸೂರಿನಲ್ಲಿ ರಾಗಿಯದೂ ಉಂಟು. ಇನ್ನು ಚೀನಾದ ವಿಷಯ. ಅಲ್ಲಿನ ಹಳದಿ ನದಿಯ ದಂಡೆಯ ಲಾಜಿಯಾ ಎಂಬಲ್ಲಿ ಭೂಕಂಪ ಮತ್ತು ಪ್ರವಾಹದಲ್ಲಿ ಹೂತುಹೋದ ಹಳ್ಳಿಯೊಂದನ್ನು ಅಗೆಯುವಾಗ, ಮಗುಚಿಬಿದ್ದ ಒಂದು ಮಣ್ಣಿನ ಬಟ್ಟಲಿನ ಅಡಿ ಸುಮಾರು 4,000 ವರ್ಷ ಹಳೆಯ ನೂಡಲ್ಸ್ ಸಿಕ್ಕಿತು. 2005ರಲ್ಲಿ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಅದು ಗೋಧಿಯದಲ್ಲ, ನವಣೆ ಮತ್ತು ಬರಗಿನದು ಎಂದರು. ಆಮೇಲೆ ಆಕ್ಷೇಪವೂ ಬಂತು. ಗ್ಲುಟೆನ್ ಇಲ್ಲದ ಸಿರಿಧಾನ್ಯದಿಂದ ಎಳೆ ತೆಗೆಯುವುದು ಹೇಗೆ ಸಾಧ್ಯ? ಮುಂದೆ ಅದೇ ವಿಜ್ಞಾನಿಗಳು, ಹಿಟ್ಟನ್ನು ಬೇಯಿಸಿ ಅಂಟು ಮಾಡಿ ತೂತುಗಳ ಮೂಲಕ ಒತ್ತಿದರೆ ಸಾಧ್ಯ ಎಂದು ಮಾಡಿ ತೋರಿಸಿದರು. ನಮ್ಮ ಒತ್ತು ಶಾವಿಗೆ ಮಾಡುವವರನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು!

ಬೇಸಿಗೆಯಲ್ಲಿ ದ್ವೀಪವಲ್ಲದ ದ್ವೀಪ

ಶ್ರೀರಂಗಪಟ್ಟಣಕ್ಕೆ ಬಂದಾಗ ಹನ್ನೊಂದು ಗಂಟೆ. ಸೇತುವೆ ದಾಟುವಾಗ ಮಕ್ಕಳಿಗೆ ಹೇಳಿದೆ: ಇನ್ನು ನೀವು ದ್ವೀಪದಲ್ಲಿದ್ದೀರಿ. ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ಸುಮಾರು ಐದು ಕಿಲೋಮೀಟರ್ ಉದ್ದದ ನೆಲವನ್ನು ಬಳಸಿ, ಪೂರ್ವದ ತುದಿಯಲ್ಲಿ ಗಂಜಾಂ ದಾಟಿ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಕೆಳಗೆ ಗಟ್ಟಿಯಾದ ಬಂಡೆಯಿರುವುದರಿಂದ ನದಿಗೆ ಇದನ್ನು ಕೊರೆದು ಹಾಕಲು ಸಾಧ್ಯವಾಗಿಲ್ಲ.

ರಂಗನಾಥಸ್ವಾಮಿ ದೇವಾಲಯದ ಮೂಲವನ್ನು ಗಂಗರ ಕಾಲಕ್ಕೆ, ಒಂಬತ್ತನೇ ಶತಮಾನದ ಕೊನೆಗೆ ಒಯ್ಯುತ್ತಾರೆ. ಕಾವೇರಿಯ ಮೂರು ದ್ವೀಪಗಳಲ್ಲಿ ರಂಗನಾಥ ಮಲಗಿದ್ದಾನೆ. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಕೋಟೆಯನ್ನು ಪಡೆದ ಮೇಲೆ 1799ರವರೆಗೆ ಮೈಸೂರು ಸಂಸ್ಥಾನದ ರಾಜಧಾನಿ ಇದೇ.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಸತ್ತರು ಎಂಬುದನ್ನು ಮಕ್ಕಳೆಲ್ಲ ಓದಿದ್ದಾರೆ. ನಾನು ಕೇಳಿದ್ದು ಬೇರೆ ಪ್ರಶ್ನೆ. ಮೇ ತಿಂಗಳಲ್ಲೇ ಏಕೆ? ಹತ್ತನೇ ತರಗತಿಯ ಹುಡುಗನೊಬ್ಬ ಕೋಟೆಯ ಪಶ್ಚಿಮದ ಗೋಡೆಯ ಮೇಲೆ ನಿಂತು, ಬಂಡೆಗಳ ನಡುವೆ ಹರಿಯುತ್ತಿದ್ದ ತೆಳು ನೀರನ್ನು ನೋಡಿ, "ಸಾರ್, ಈಗಲೇ ಇಷ್ಟು ಕಡಿಮೆ. ಬೇಸಿಗೆಯಲ್ಲಿ ನಡೆದುಕೊಂಡೇ ದಾಟಬಹುದು" ಎಂದ. ಅಷ್ಟೇ ವಿಷಯ. ಆಗ ಕನ್ನಂಬಾಡಿ ಕಟ್ಟೆ ಇರಲಿಲ್ಲ. ಜೂನ್‌ನಲ್ಲಿ ಕೊಡಗಿನಲ್ಲಿ ಮಳೆ ಹಿಡಿದರೆ ನದಿ ತುಂಬಿ ಹರಿದು ಕೋಟೆಗೆ ತಾನೇ ಕಂದಕವಾಗುತ್ತಿತ್ತು. ಬ್ರಿಟಿಷರು ಮಳೆಗಾಲಕ್ಕೆ ಮುಂಚೆ ಮುಗಿಸಲೇಬೇಕೆಂಬ ಆತುರದಲ್ಲಿದ್ದರು. ಆ ಮಧ್ಯಾಹ್ನ ಸೈನಿಕರು ನದಿಯ ಪಾತ್ರವನ್ನು ಕಾಲ್ನಡಿಗೆಯಲ್ಲೇ ದಾಟಿ ಒಡೆದ ಗೋಡೆಯನ್ನು ಹತ್ತಿದರು. ಇತಿಹಾಸದ ಒಂದು ತಾರೀಖಿನ ಹಿಂದೆ ಮುಂಗಾರು ಮಾರುತದ ವೇಳಾಪಟ್ಟಿಯೂ ಇತ್ತು.

ಅದೇ ಮುತ್ತಿಗೆಯ ಇನ್ನೊಂದು ಪ್ರಸಂಗವಿದೆ. ಏಪ್ರಿಲ್‌ನ ಒಂದು ರಾತ್ರಿ ಜನರಲ್ ಬೇರ್ಡ್ ಎಂಬಾತ ತನ್ನ ದಳವನ್ನು ಕತ್ತಲಲ್ಲಿ ನಡೆಸಿಕೊಂಡು ಹೋಗುತ್ತಿದ್ದ. ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಆಕಾಶ ನೋಡಿ, ನಾವು ತಿರುಗುಮುರುಗಾಗಿ ಶತ್ರುವಿನ ಕಡೆಗೇ ಹೋಗುತ್ತಿದ್ದೇವೆ ಎಂದ. ನಕ್ಷತ್ರಗಳ ಸ್ಥಾನದಿಂದ ಅವನಿಗೆ ದಿಕ್ಕು ತಿಳಿದಿತ್ತು. ಇದೇ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಿಂದ ಆರಂಭಿಸಿದ ಭೂಮಾಪನವೇ ಮುಂದೆ ಹಿಮಾಲಯದವರೆಗೂ ಬೆಳೆದು ಎವರೆಸ್ಟಿನ ಎತ್ತರವನ್ನು ಅಳೆಯಿತು. ಅದೇ ಯುದ್ಧದಲ್ಲಿ ಮೈಸೂರಿನವರು ಹಾರಿಸಿದ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಬ್ರಿಟಿಷರು ಇಂಗ್ಲೆಂಡಿಗೆ ಒಯ್ದರು. ಅವನ್ನು ಅಭ್ಯಾಸ ಮಾಡಿ ಕಾಂಗ್ರೀವ್ ತನ್ನ ರಾಕೆಟ್ ರಚಿಸಿದ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳು ಬಾವಿಯಿಂದ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ನೀವು ಓದಿರಬಹುದು. ಬಿದಿರು ಅಥವಾ ಕಾಗದದ ಕೊಳವೆ ಹೆಚ್ಚು ಒತ್ತಡ ತಾಳದು, ಕಬ್ಬಿಣ ತಾಳುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ವೇಗವಾಗಿ ಹಿಂದಕ್ಕೆ ಚಿಮ್ಮುತ್ತದೆ, ರಾಕೆಟ್ ಅಷ್ಟೇ ಬಲವಾಗಿ ಮುಂದಕ್ಕೆ ನುಗ್ಗುತ್ತದೆ. ನ್ಯೂಟನ್‌ನ ಮೂರನೇ ನಿಯಮ.

ಬಿದ್ದ ಕಮಾನು, ಸರಿದ ಮದ್ದಿನ ಮನೆ

1784ರ ದರಿಯಾ ದೌಲತ್ ಅರಮನೆಯ ಚಿತ್ರಗಳನ್ನು, ಗುಂಬಜ್ ಅನ್ನು ಎಲ್ಲ ಪ್ರವಾಸಿಗರೂ ನೋಡುತ್ತಾರೆ. ಈಗ ಕಾಣದ ಒಂದು ಕಟ್ಟಡದ ಕಥೆ ಹೇಳುತ್ತೇನೆ. 1808ರಲ್ಲಿ ಡಿ ಹ್ಯಾವಿಲೆಂಡ್ ಎಂಬ ಇಂಜಿನಿಯರ್ ತನ್ನ ಮನೆಯ ತೋಟದಲ್ಲಿ ನೂರು ಅಡಿಗೂ ಅಗಲವಾದ, ತೀರಾ ಚಪ್ಪಟೆಯಾದ ಇಟ್ಟಿಗೆಯ ಕಮಾನೊಂದನ್ನು ಕಟ್ಟಿದ. ಇಷ್ಟು ಚಪ್ಪಟೆ ಕಮಾನು ನಿಲ್ಲುವುದೇ ಇಲ್ಲ ಎಂದವರಿಗೆ ಅದು ಅವನ ಉತ್ತರ. ಮೇಲೆ ನಿಂತು ಕುಣಿದರೆ ಕಮಾನು ಉಯ್ಯಾಲೆಯಂತೆ ಅಲುಗುತ್ತಿತ್ತಂತೆ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ನಿಂತು 1930ರ ದಶಕದಲ್ಲಿ ಬಿದ್ದುಹೋಯಿತು.

ಇನ್ನೊಂದು ಕಟ್ಟಡದ ಹಣೆಬರಹ ಬೇರೆ. ಬೆಂಗಳೂರು-ಮೈಸೂರು ರೈಲು ಮಾರ್ಗವನ್ನು ಜೋಡಿ ಹಳಿ ಮಾಡುವಾಗ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಇಡೀ ಕಟ್ಟಡವನ್ನು ಜಾಕ್‌ಗಳಿಂದ ಎತ್ತಿ, ಸುಮಾರು 130 ಮೀಟರ್ ದೂರಕ್ಕೆ ಹಾಗೆಯೇ ಸರಿಸಿದರು. ನಮ್ಮ ಸ್ಕೂಟರ್ ಮೆಕ್ಯಾನಿಕ್‌ಗಳ ಅಂಗಡಿಯಲ್ಲಿರುವ ಹೈಡ್ರಾಲಿಕ್ ಜಾಕ್‌ನ ತತ್ವವೇ ಅಲ್ಲಿಯೂ. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್ ನಿಯಮ. ಬೇಕೆಂಬ ಮನಸ್ಸಿದ್ದರೆ ಹಳೆಯದನ್ನೂ ಉಳಿಸಿ ಹೊಸ ರೈಲನ್ನೂ ಓಡಿಸಬಹುದು.

ಬನ್ನೂರಿನ ಹತ್ತಿರದ ಒರಳು

ರಾತ್ರಿ ಒಂದು ಛತ್ರದಲ್ಲಿ ಉಳಿದು, ಭಾನುವಾರ ಬನ್ನೂರಿನ ದಾರಿ ಹಿಡಿದೆವು. ಅಲ್ಲೊಂದು ಹಳ್ಳಿಯಲ್ಲಿ ಮದುವೆ, ಬೀಗರೂಟಗಳಿಗೆ ಶಾವಿಗೆ ಒತ್ತಿಕೊಡುವ ತಾಯಿಯೊಬ್ಬರ ಮನೆಗೆ ಮೊದಲೇ ಹೇಳಿ ಕಳುಹಿಸಿದ್ದೆವು. ಹಿತ್ತಲಿನಲ್ಲಿ ಮರದ ಹಳೆಯ ಶಾವಿಗೆ ಒರಳು. ಉದ್ದನೆಯ ತೊಲೆ. ಅದರ ಒಂದು ತುದಿ ಕಂಬಕ್ಕೆ ಸಿಕ್ಕಿಸಿದ್ದು, ತುದಿಯಿಂದ ಒಂದಡಿ ದೂರದಲ್ಲಿ ಹಿಟ್ಟನ್ನು ಒತ್ತುವ ಗುಂಡು, ಇನ್ನೊಂದು ತುದಿಯಲ್ಲಿ ಒತ್ತುವವರು.

ನಮ್ಮ ಮಕ್ಕಳನ್ನು ಕೇಳಿದೆ: ಇದು ಎಷ್ಟನೇ ವರ್ಗದ ಸನ್ನೆ? ಮೂರೂ ವರ್ಗದ ವ್ಯಾಖ್ಯೆಯನ್ನು ಬಾಯಿಪಾಠ ಹೇಳಿದರು. ಎದುರಿಗಿರುವುದು ಯಾವುದೆಂದು ಹೇಳಲು ಮಾತ್ರ ಮುಖ ಮುಖ ನೋಡಿಕೊಂಡರು. ಆಗ ಬಾಗಿಲ ಬಳಿ ನಿಂತಿದ್ದ ಆ ತಾಯಿಯ ಮಗಳು, ಪಿಯುಸಿ ಓದುವ ಹುಡುಗಿ, ಸಂಕೋಚದಿಂದಲೇ "ಎರಡನೇದು ಸಾರ್, ಭಾರ ಮಧ್ಯದಲ್ಲಿದೆ" ಎಂದಳು. ತೊಲೆಯ ತುದಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ ಹಗ್ಗದಲ್ಲಿ ಬಿಗಿದಿದ್ದುದು ಆಗ ನನ್ನ ಕಣ್ಣಿಗೆ ಬಿತ್ತು. ಅದೇನೆಂದು ಕೇಳಿದೆ.

"ಅಮ್ಮಂಗೆ ಸೊಂಟ ನೋವು ಸಾರ್. ತೊಲೆ ಐದಡಿ ಇತ್ತು. ಪೈಪು ಹಾಕಿ ಏಳಡಿ ಮಾಡಿದೆ. ಈಗ ಬಲ ಕಡಿಮೆ ಸಾಕು. ಆದರೆ ತುದಿ ಜಾಸ್ತಿ ಕೆಳಗೆ ಹೋಗುತ್ತೆ, ಬಗ್ಗಬೇಕು. ಅದಕ್ಕೆ ಒರಳಿನ ಕೆಳಗೆ ಕಲ್ಲು ಕೊಟ್ಟು ಎತ್ತರಿಸಿದೀವಿ."

ಪೋಷಕರೇ, ಈ ನಾಲ್ಕು ಮಾತುಗಳನ್ನು ಇನ್ನೊಮ್ಮೆ ಓದಿ. ಲೆಕ್ಕ ಹೀಗಿದೆ. ಗುಂಡಿನ ಮೇಲೆ 150 ಕಿಲೋ ಭಾರದಷ್ಟು ಬಲ ಬೇಕೆನ್ನಿ. ಐದಡಿಯ ತೊಲೆಯಾದರೆ ತುದಿಯಲ್ಲಿ 30 ಕಿಲೋ ಒತ್ತಬೇಕು. ಏಳಡಿಯಾದರೆ ಸುಮಾರು 21 ಕಿಲೋ ಸಾಕು. ಆದರೆ ಗುಂಡು ಆರು ಅಂಗುಲ ಇಳಿಯಲು ತುದಿ ಮೊದಲು 30 ಅಂಗುಲ ಇಳಿದರೆ ಸಾಕಿತ್ತು, ಈಗ 42 ಅಂಗುಲ ಇಳಿಯಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು. ಪ್ರಕೃತಿ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಶಕ್ತಿಯ ಸಂರಕ್ಷಣೆಯ ನಿಯಮವೆಂದರೆ ಇದೇ. ಆ ಹುಡುಗಿ ನಿಯಮವನ್ನು ಒಪ್ಪಿಸಲಿಲ್ಲ. ಅಮ್ಮನ ಸೊಂಟಕ್ಕಾಗಿ ಬಳಸಿದಳು, ಅದರ ಬೆಲೆ ಎಲ್ಲಿ ತೆರಬೇಕೆಂದು ಕಂಡಳು, ಅದಕ್ಕೂ ಪರಿಹಾರ ಮಾಡಿದಳು.

ಅದೇ ಲೆಕ್ಕವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದೆವು. ಗುಂಡಿನ ಅಡ್ಡಳತೆ ಏಳು ಸೆಂಟಿಮೀಟರ್. ವಿಸ್ತೀರ್ಣ ಸುಮಾರು 38 ಚದರ ಸೆಂಟಿಮೀಟರ್. 150 ಕಿಲೋ ಭಾಗಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು ನಾಲ್ಕು ಕಿಲೋ. ನಿಮ್ಮ ಮನೆಯ ಪ್ರೆಷರ್ ಕುಕ್ಕರ್ ಶಿಳ್ಳೆ ಹೊಡೆಯುವುದು ಒಂದು ಕಿಲೋಗೆ. ಅಂದರೆ ಅದರ ನಾಲ್ಕರಷ್ಟು ಒತ್ತಡವನ್ನು ಆ ತಾಯಿ ದಿನವಿಡೀ ತಮ್ಮ ಮೈಭಾರದಿಂದ ಉಂಟುಮಾಡುತ್ತಾರೆ. ಮಕ್ಕಳು ಸರದಿಯಂತೆ ಒತ್ತಿದರು. ಎರಡು ಉಂಡೆಗೇ ಬೆವರಿದರು. ಬಾಳೆಯೆಲೆಯ ಮೇಲೆ ಬಿದ್ದ ಆ ಬಿಸಿ ಶಾವಿಗೆಯನ್ನು ಎಳ್ಳಿನ ಪುಡಿ, ಬೆಲ್ಲದ ಜೊತೆ ತಿಂದಾಗ ಯಾರೂ ಒಂದೆಳೆಯನ್ನೂ ಬಿಡಲಿಲ್ಲ.

"ಇವಳು ಓದಿ ಬೆಂಗಳೂರಿಗೆ ಹೋದ್ಮೇಲೆ ಈ ಒರಳು ಯಾರು ಒತ್ತಾರೋ" ಎಂದು ತಾಯಿ ನಕ್ಕರು. ನಗುವಿನಲ್ಲಿ ಹೆಮ್ಮೆಯಿತ್ತು, ಚಿಂತೆಯೂ ಇತ್ತು. ಸೋಮವಾರದ ಟೆಸ್ಟಿನ ತಂದೆ ಬಹಳ ಹೊತ್ತು ಆ ಪೈಪನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ.

ಮರಳಿನ ಶಾಪ, ನೀರಿನ ಎಚ್ಚರಿಕೆ

ಸೋಮನಾಥಪುರದ ಹೊಯ್ಸಳ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅದನ್ನು ನೋಡಿ ಟಿ. ನರಸೀಪುರದ ಮೂಲಕ ತಲಕಾಡಿಗೆ ಬಂದೆವು. ಇದು ದ್ವೀಪವಲ್ಲ, ನದಿಯ ಬಾಗಿನಲ್ಲಿ ಮರಳು ನುಂಗಿದ ಊರು. ಗಂಗರ ರಾಜಧಾನಿ. ಶ್ರೀರಂಗಪಟ್ಟಣದ ರಾಜಪ್ರತಿನಿಧಿಯ ಪತ್ನಿ ಅಲಮೇಲಮ್ಮ ನದಿಗೆ ಹಾರುವ ಮುನ್ನ ಕೊಟ್ಟ ಶಾಪದಿಂದ ಹೀಗಾಯಿತು ಎಂಬ ಕಥೆ ಮಕ್ಕಳಿಗೆ ಗೊತ್ತಿತ್ತು. "ನಿಜವೇ ಸಾರ್?" ಎಂದರು. ಜನ ಒಂದು ದುಃಖವನ್ನು ನಾಲ್ಕು ನೂರು ವರ್ಷ ನೆನಪಿಟ್ಟುಕೊಂಡಿದ್ದಾರೆ ಎಂಬುದಂತೂ ನಿಜ. ಮರಳಿಗೆ ಮಾತ್ರ ಬೇರೆ ಕಾರಣ ಹುಡುಕಬೇಕು. ಮೇಲಿನ ಮಾಧವ ಮಂತ್ರಿ ಅಣೆಕಟ್ಟೆಯಿಂದ ನದಿಯ ಹರಿವು ಕುಗ್ಗಿ, ಬಯಲಾದ ಮರಳನ್ನು ಗಾಳಿ ಹೊತ್ತು ತಂದು ಊರಿನ ಮೇಲೆ ಸುರಿದಿರಬೇಕೆಂದು ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ವಾದಿಸಿದ್ದಾರೆ. ಕಥೆಯನ್ನು ಕೇಳಿ, ಕಾರಣವನ್ನೂ ಕೇಳಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ.

ಇಲ್ಲಿ ಒಂದು ಗಂಭೀರ ಮಾತು. ತಲಕಾಡು, ಮುತ್ತತ್ತಿ, ಬಲಮುರಿ, ಸಂಗಮ, ಈ ಹೆಸರುಗಳು ರಜೆಯ ದಿನಗಳ ಮರುದಿನ ಪತ್ರಿಕೆಯಲ್ಲಿ ಏಕೆ ಬರುತ್ತವೆಂದು ನಿಮಗೆ ಗೊತ್ತು. ಮೇಲೆ ಶಾಂತವಾಗಿ ಕಾಣುವ ಕಾವೇರಿಯ ತಳ ಸಮತಟ್ಟಲ್ಲ. ಮೊಣಕಾಲುದ್ದ ನೀರಿನ ಪಕ್ಕದ ಹೆಜ್ಜೆಯಲ್ಲೇ ಆಳುದ್ದದ ಗುಂಡಿಯಿರಬಹುದು. ಕಾಲ ಕೆಳಗಿನ ಮರಳು ಹರಿವಿನಲ್ಲಿ ಜಾರಿಹೋಗುತ್ತದೆ. ಪಾಚಿ ಹಿಡಿದ ಬಂಡೆಗೆ ಘರ್ಷಣೆಯೇ ಇಲ್ಲ. ಇನ್ನೊಂದು ಲೆಕ್ಕ ನೆನಪಿಡಿ. ನೀರಿನ ವೇಗ ಎರಡು ಪಟ್ಟಾದರೆ ಅದು ನಿಮ್ಮನ್ನು ತಳ್ಳುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಈಜುಕೊಳದಲ್ಲಿ ಪದಕ ಗೆದ್ದವರಿಗೂ ಇದು ಅನ್ವಯಿಸುತ್ತದೆ. ನಮ್ಮ ಗುಂಪಿನಲ್ಲಿ ಯಾರೂ ನೀರಿಗೆ ಇಳಿಯಲಿಲ್ಲ. ಮಕ್ಕಳು ಮುನಿಸಿಕೊಂಡರು. ಮುನಿಸಿಕೊಂಡ ಮಕ್ಕಳನ್ನು ಮನೆಗೆ ಕರೆದುಕೊಂಡು ಬಂದೆವು. ಅದಕ್ಕಿಂತ ಹೆಚ್ಚು ಬೇಡ.

ಬೀಳುವ ನೀರು, ಏರುವ ನೀರು

ಕೊನೆಯ ತಾಣ ಶಿವನಸಮುದ್ರ. ಕಾವೇರಿ ಇಲ್ಲಿ ಮತ್ತೆ ಎರಡಾಗಿ ದ್ವೀಪವೊಂದನ್ನು ಬಳಸಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. ಜನವರಿಯಾದ್ದರಿಂದ ನೀರು ಕಡಿಮೆ. ಬಂಡೆಯ ಮೇಲೆ ಬಿಳಿ ಎಳೆಗಳಷ್ಟೇ. "ಸಾರ್, ಶಾವಿಗೆ ಥರ ಇದೆ!" ಎಂದಿತು ಗುಂಪಿನ ಅತಿ ಚಿಕ್ಕ ಮಗು. ಜುಲೈ, ಆಗಸ್ಟ್‌ನಲ್ಲಿ ಬಂದರೆ ಬೇರೆಯೇ ನೋಟ.

ಇಲ್ಲಿಯ ಜಲವಿದ್ಯುದಾಗಾರ 1902ರಲ್ಲಿ ಶುರುವಾಯಿತು. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು ಈ ನೀರಿನಿಂದಲೇ. ಈ ಯೋಜನೆಗೆ ಒತ್ತಾಸೆಯಾಗಿದ್ದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಅವರ ಕಾಲದಲ್ಲೇ 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಹುಟ್ಟಿದವು. ನಮ್ಮ ಗುಂಪಿನ ಐದೂ ಮನೆಗಳು ಆ ದಿವಾನರ ಕಾಲದ ಬಡಾವಣೆಗಳಲ್ಲೇ ಇವೆ. ವಿದ್ಯುದಾಗಾರ ಶುರುವಾಗುವುದನ್ನು ನೋಡಲು ಅವರಿರಲಿಲ್ಲ. 1901ರಲ್ಲಿ ತೀರಿಕೊಂಡರು.

ಈಗ ಕೊನೆಯ ಲೆಕ್ಕ. ನೀರು ಇಲ್ಲಿ ಸುಮಾರು 120 ಮೀಟರ್ ಬಿದ್ದು ವಿದ್ಯುತ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಇದೇ ಸುತ್ತಿನ ಶಿವಾ ಅಣೆಕಟ್ಟೆಯಿಂದ ತಿರುಗಿಸಿದ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಪಂಪ್ ಆಗಿ ಸುಮಾರು ನೂರು ಕಿಲೋಮೀಟರ್ ದೂರದ ನಮ್ಮ ನಲ್ಲಿಗೆ ಬರುತ್ತದೆ. ಕೊಳವೆಯ ಘರ್ಷಣೆಯೂ ಸೇರಿ ಒಟ್ಟು ಸುಮಾರು 500 ಮೀಟರ್ ಎತ್ತಿದಷ್ಟು ಕೆಲಸ. ಹದಿನೈದು ಲೀಟರಿನ ಒಂದು ಬಕೆಟ್ ತೆಗೆದುಕೊಳ್ಳಿ. 15 × 9.8 × 500, ಅಂದರೆ 73,500 ಜೂಲ್. ಹತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ಎರಡು ಗಂಟೆ ಉರಿಸುವಷ್ಟು ಶಕ್ತಿ. ಪಂಪಿನ ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ಅದೇ ಬಕೆಟ್ ನೀರು ಇಲ್ಲಿ ಬಿದ್ದರೆ ಸಿಗುವುದು 17,640 ಜೂಲ್. ಅಂದರೆ ನಮ್ಮ ಮನೆಗೆ ಒಂದು ಬಕೆಟ್ ಏರಿಸಬೇಕಾದರೆ ಎಲ್ಲೋ ನಾಲ್ಕು ಬಕೆಟ್‌ಗೂ ಹೆಚ್ಚು ನೀರು ಇಷ್ಟೇ ಎತ್ತರದಿಂದ ಬೀಳಬೇಕು. ಇದನ್ನು ಕೇಳಿ ಮಲ್ಲೇಶ್ವರದ ಹುಡುಗಿ, "ಹಾಗಿದ್ದರೆ ನಾವು ಕಾರು ತೊಳೆಯುವುದು ಈ ಜಲಪಾತದಿಂದಲೇ" ಎಂದಳು. ಅವಳ ತಂದೆ ಅವಳತ್ತ ನೋಡಲಿಲ್ಲ, ಜಲಪಾತದತ್ತ ನೋಡಿದರು.

ಪೋಷಕರಿಗೆ ನಾಲ್ಕು ಮಾತು

ಮಳವಳ್ಳಿ, ಕನಕಪುರದ ಮೇಲೆ ವಾಪಸಾದೆವು. ಖರ್ಚು ಐದು ಮನೆಗೆ ಹಂಚಿದಾಗ ಒಂದು ತಿಂಗಳ ಟ್ಯೂಷನ್ ಶುಲ್ಕಕ್ಕಿಂತ ಕಡಿಮೆಯಾಯಿತು. ನೀವೂ ಹೊರಡುವುದಾದರೆ ಇಷ್ಟು ಗಮನಿಸಿ.

ಒಂದು, ದಿನಕ್ಕೆ ಮೂರು ಜಾಗಕ್ಕಿಂತ ಹೆಚ್ಚು ಬೇಡ. ನೋಡಿದ್ದು ನೆನಪಿನಲ್ಲಿ ನಿಲ್ಲಬೇಕು.

ಎರಡು, ಮಗುವಿನ ಕೈಯಲ್ಲಿ ಒಂದು ನೋಟ್‌ಬುಕ್, ಒಂದು ಅಳತೆಯ ಟೇಪು ಇರಲಿ. ಮೊಬೈಲಿನ ಚಿತ್ರ ಎಲ್ಲರ ಬಳಿಯೂ ಇರುತ್ತದೆ. ತಾನೇ ಅಳೆದ ಅಳತೆ ಮಗುವಿನ ಸ್ವಂತ ಆಸ್ತಿ.

ಮೂರು, ಊರಿನ ಊಟವನ್ನು ಊರಿನಲ್ಲೇ ತಿನ್ನಿ. ಮಾಡಿದವರನ್ನು ಹೇಗೆ ಮಾಡಿದಿರೆಂದು ಕೇಳಿ, ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಿ.

ನಾಲ್ಕು, ನದಿಯನ್ನು ದಡದಿಂದ ನೋಡಿ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಎರಡು ಮನೆಗೆಲಸ. ಮೊದಲನೆಯದು, ಅಮ್ಮನ ಸಹಾಯದಿಂದ ಅಕ್ಕಿ ಹಿಟ್ಟಿನ ಎರಡು ಉಂಡೆ ಬೇಯಿಸಿ. ಒಂದನ್ನು ಬಿಸಿಯಾಗಿರುವಾಗ, ಇನ್ನೊಂದನ್ನು ಅರ್ಧ ಗಂಟೆ ಆರಿಸಿ ಚಕ್ಕುಲಿ ಒರಳಿನಲ್ಲಿ ಒತ್ತಿ ನೋಡಿ. ವ್ಯತ್ಯಾಸವನ್ನು ಕೈ ಹೇಳುತ್ತದೆ. ಎರಡನೆಯದು, ನಾಳೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಮ್ಮ ಮನೆಯಲ್ಲಿ ಎಷ್ಟು ಬಕೆಟ್ ನೀರು ಖರ್ಚಾಯಿತೆಂದು ಗೋಡೆಯ ಮೇಲೆ ಗೆರೆ ಎಳೆದು ಎಣಿಸಿ, ಒಂದೊಂದಕ್ಕೂ 73,500 ಜೂಲ್‌ನಂತೆ ಗುಣಿಸಿ. ಬಂದ ಮೊತ್ತವನ್ನು ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಓದಿ ಹೇಳಿ.